ತರಬೇತಿ ಮುಗಿಯಿತು, ತಲೆಯಲ್ಲಿ ಉಳಿದದ್ದೆಷ್ಟು?

ಈಗ ಯಾವ ಊರಿಗೆ ಹೋದರೂ ಒಂದಲ್ಲ ಒಂದು ಕ್ಲಾಸು ನಡೆಯುತ್ತಲೇ ಇರುತ್ತದೆ. ಹೊಲಿಗೆ ಕ್ಲಾಸು, ಕಂಪ್ಯೂಟರ್ ಕ್ಲಾಸು, ಬ್ಯೂಟಿಪಾರ್ಲರ್ ಕೋರ್ಸು, ಹಪ್ಪಳ-ಉಪ್ಪಿನಕಾಯಿ ತರಬೇತಿ, ಸ್ತ್ರೀಶಕ್ತಿ ಗುಂಪಿನವರಿಗೆ ಲೆಕ್ಕ ಬರೆಯುವ ಶಿಬಿರ, ಅಂಗನವಾಡಿ ಕಾರ್ಯಕರ್ತೆಯರಿಗೆ ಮೊಬೈಲಿನ ಪಾಠ. ಕೊನೆಯ ದಿನ ಒಂದು ಗ್ರೂಪ್ ಫೋಟೋ, ಒಂದು ಸರ್ಟಿಫಿಕೇಟು, ಕೇಸರಿಬಾತು-ಖಾರಾಬಾತು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕುವವರೂ ಉಂಟು. ತಪ್ಪೇನಿಲ್ಲ, ಸಂತೋಷದ ವಿಷಯವೇ.

ಆದರೆ ಎರಡು ತಿಂಗಳು ಕಳೆದ ಮೇಲೆ ಅದೇ ಸೋದರಿಯ ಮುಂದೆ ಒಂದು ಮೀಟರ್ ಬಟ್ಟೆ ಇಟ್ಟು, "ಎಲ್ಲಿ, ನನಗೊಂದು ಬ್ಲೌಸ್ ಕತ್ತರಿಸಿ ಕೊಡು ನೋಡೋಣ" ಎನ್ನಿ. "ಅಯ್ಯೋ, ತೋಳಿನ ಲೆಕ್ಕಾನೇ ಮರೆತುಹೋಯ್ತು ಕಣೇ! ಕ್ಲಾಸಲ್ಲಿ ಎಲ್ಲಾ ಚೆನ್ನಾಗಿ ಬರ್ತಿತ್ತು..." ಎನ್ನುವವರು ಎಷ್ಟು ಮಂದಿ!

ಮನೆಯಲ್ಲಿ ತೀರ್ಪಂತೂ ಸಿದ್ಧವಾಗಿಯೇ ಇರುತ್ತದೆ. "ದುಡ್ಡು ದಂಡ. ಈ ವಯಸ್ಸಿನಲ್ಲಿ ನಿಂಗೆಲ್ಲಿ ತಲೆಗೆ ಹತ್ತುತ್ತೆ?" ಗಂಡ ಅಂದರೆ ಒಂದು ತರಹ, ಹೈಸ್ಕೂಲಿಗೆ ಹೋಗುವ ಮಗನೂ ಅಂದುಬಿಟ್ಟರೆ ಇನ್ನೊಂದು ತರಹ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಆಕೆಯೂ ಅದನ್ನು ನಂಬಿಬಿಡುತ್ತಾಳೆ. ಸಾಲ ಮಾಡಿ ತಂದ ಹೊಲಿಗೆ ಯಂತ್ರ ಒಗೆದ ಬಟ್ಟೆ ಮಡಿಸಿಡುವ ಮೇಜಾಗುತ್ತದೆ. ನಾಲ್ಕು ಕಾಸು ಸಂಪಾದಿಸುವ ಒಂದು ದಾರಿ ಅಲ್ಲಿಗೆ ಮುಚ್ಚಿತು.

ಈ ತೀರ್ಪು ಬಹುಮಟ್ಟಿಗೆ ತಪ್ಪು ಎಂದು ಹೇಳುವುದಕ್ಕೇ ಈ ಲೇಖನ. ಕಲಿಕೆಯ ಸಮಯದಲ್ಲಿ ನಮ್ಮ ಮಿದುಳಿನಲ್ಲಿ ಏನು ನಡೆಯುತ್ತದೆಂದು ವಿಜ್ಞಾನಿಗಳು ಸಾಕಷ್ಟು ತಿಳಿದುಕೊಂಡಿದ್ದಾರೆ. ಅವರ ಮಾತು ಕೇಳಿದರೆ ದೋಷ ಕಲಿತವಳ ತಲೆಯಲ್ಲಿರುವುದಕ್ಕಿಂತ ಕಲಿಸಿದ ರೀತಿಯಲ್ಲಿಯೂ, "ಕಲಿತಳು" ಎಂದು ಅಳೆದ ರೀತಿಯಲ್ಲಿಯೂ ಹೆಚ್ಚಾಗಿರುವುದು ಗೊತ್ತಾಗುತ್ತದೆ.

ಅಳತೆಯ ಪೇಚಾಟ ದೊಡ್ಡ ದೊಡ್ಡ ಕಂಪನಿಗಳಿಗೂ ತಪ್ಪಿದ್ದಲ್ಲ. ನೌಕರರ ತರಬೇತಿಗೆ ಅವರು ಲಕ್ಷಗಟ್ಟಲೆ ಸುರಿಯುತ್ತಾರೆ. ಅದರಿಂದ ಆದದ್ದೇನು? 1959ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕರು ಇದಕ್ಕೆ ನಾಲ್ಕು ಪ್ರಶ್ನೆಗಳನ್ನು ಹಾಕಿಕೊಟ್ಟರು. ಬಂದವರಿಗೆ ತರಬೇತಿ ಹಿಡಿಸಿತೆ? ಅವರು ಕಲಿತರೆ? ಕಲಿತದ್ದನ್ನು ಕೆಲಸದಲ್ಲಿ ಬಳಸಿದರೆ? ಬಳಸಿದ್ದರಿಂದ ಪ್ರಯೋಜನವಾಯಿತೆ? ಇಂದಿಗೂ ತರಬೇತಿ ನಡೆಸುವವರು ಈ ಪ್ರಶ್ನೆಗಳನ್ನೇ ಹೇಳುತ್ತಾರೆ. ಆದರೆ ಮೊದಲನೆಯದಕ್ಕೆ ಉತ್ತರ ಪಡೆಯುವುದು ಸುಲಭ ನೋಡಿ, ಕೊನೆಯ ದಿನ ಒಂದು ಫಾರಂ ಹಂಚಿದರೆ ಮುಗಿಯಿತು. "ತುಂಬಾ ಚೆನ್ನಾಗಿತ್ತು" ಎಂದು ಎಲ್ಲರೂ ಗುರುತು ಹಾಕುತ್ತಾರೆ. ಎಷ್ಟೋ ಕಡೆ ಅಳತೆ ಅಲ್ಲಿಗೇ ನಿಲ್ಲುತ್ತದೆ. ಪತ್ರಿಕೆಯಲ್ಲಿ ಹೊಸ ಅಡುಗೆ ಓದಿ "ಚೆನ್ನಾಗಿದೆ" ಅನ್ನುವುದು ಒಂದು. ಹದಿನೈದು ದಿನ ಬಿಟ್ಟು ಪತ್ರಿಕೆ ಮುಟ್ಟದೆ ಅದೇ ಅಡುಗೆ ಮಾಡಿ ನೆಂಟರಿಗೆ ಬಡಿಸುವುದು ಇನ್ನೊಂದು. ಈ ಎರಡರ ನಡುವಿನ ಅಂತರ ನಿಮಗೆ ನಾನು ಹೇಳಬೇಕಾಗಿಲ್ಲ.

ಲಂಡನ್ನಿನ ಟ್ಯಾಕ್ಸಿ ಚಾಲಕರು

ಕೆಲಸ ಕಲಿಯುವಾಗ ಮಿದುಳೇ ಬದಲಾಗುತ್ತದೆಂದು ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟವರು ಲಂಡನ್ನಿನ ಟ್ಯಾಕ್ಸಿ ಚಾಲಕರು. ತೋರಿಸಿದಾಕೆ ಎಲೀನರ್ ಮಗ್ವಾಯರ್ ಎಂಬ ಐರ್ಲೆಂಡಿನ ವಿಜ್ಞಾನಿ. 2025ರ ಜನವರಿಯಲ್ಲಿ, ಇನ್ನೂ ಐವತ್ತನಾಲ್ಕರ ವಯಸ್ಸಿನಲ್ಲಿ, ಆಕೆ ತೀರಿಕೊಂಡರು.

ಲಂಡನ್ನಿನ ಆ ಕಪ್ಪು ಟ್ಯಾಕ್ಸಿ ಓಡಿಸಲು ಬರಿಯ ಡ್ರೈವಿಂಗ್ ಲೈಸೆನ್ಸ್ ಸಾಲದು. ‘ನಾಲೆಡ್ಜ್’, ಅಂದರೆ ‘ಅರಿವು’ ಎಂಬ ಹೆಸರಿನ ಒಂದು ಪರೀಕ್ಷೆ ಪಾಸಾಗಬೇಕು. 1865ರಿಂದಲೂ ನಡೆದುಬಂದಿರುವ ಪರೀಕ್ಷೆ ಇದು. ಚೇರಿಂಗ್ ಕ್ರಾಸ್ ಎಂಬ ಸ್ಥಳದಿಂದ ಸುತ್ತ ಆರು ಮೈಲಿ ಒಳಗಿನ ಸುಮಾರು 25,000 ಬೀದಿಗಳು, ಜೊತೆಗೆ ಆಸ್ಪತ್ರೆ, ಹೋಟೆಲು, ನಾಟಕಶಾಲೆ, ಠಾಣೆ, ಎಲ್ಲವೂ ತಲೆಯೊಳಗಿರಬೇಕು. ನಮ್ಮೂರಿನಲ್ಲಿ ರಥಬೀದಿ, ಸಂತೆಬೀದಿ, ಬಸ್‌ಸ್ಟ್ಯಾಂಡ್ ರಸ್ತೆ ಅಂತ ಹತ್ತಿಪ್ಪತ್ತು ಹೆಸರು ಹೇಳುವಷ್ಟರಲ್ಲಿ ಮುಗಿಯಿತು. 25,000! ಅದೂ ನೆಟ್ಟಗೆ ಒಂದೂ ಇಲ್ಲದ ಹಳೆಯ ಪಟ್ಟಣದ ಬೀದಿಗಳು. ಕಲಿಯಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ.

ಹೇಗೆ ಕಲಿಯುತ್ತಾರೆ ಎನ್ನುವುದೇ ಸ್ವಾರಸ್ಯ. 320 ದಾರಿಗಳ ಒಂದು ಪಟ್ಟಿ ಇದೆ. ಮೊದಲನೆಯದು ಮ್ಯಾನರ್ ಹೌಸ್ ಸ್ಟೇಷನ್ನಿನಿಂದ ಗಿಬ್ಸನ್ ಸ್ಕ್ವೇರಿಗೆ. ಸಣ್ಣ ಸ್ಕೂಟರಿನ ಹ್ಯಾಂಡಲಿಗೆ ನಕ್ಷೆ ಸಿಕ್ಕಿಸಿಕೊಂಡು, ಮಳೆಯಲ್ಲೂ ಚಳಿಯಲ್ಲೂ ಆ ದಾರಿಗಳಲ್ಲಿ ತಾವೇ ಸುತ್ತುತ್ತಾರೆ. ಸಂಜೆ ಒಬ್ಬ ಜೊತೆಗಾರನನ್ನು ಎದುರಿಗೆ ಕೂರಿಸಿಕೊಂಡು, ನಕ್ಷೆ ನೋಡದೆ, "ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ" ಎಂದು ಬಾಯಿಬಿಟ್ಟು ದಾರಿ ಒಪ್ಪಿಸುತ್ತಾರೆ. ಹಿಂದೆ ನಮ್ಮ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಮಕ್ಕಳು ಜಗುಲಿಯಲ್ಲಿ ಮಗ್ಗಿ ಒಪ್ಪಿಸುತ್ತಿರಲಿಲ್ಲವೆ, ಥೇಟ್ ಹಾಗೆ. ಆಮೇಲೆ ಪರೀಕ್ಷಕರ ಮುಂದೆ ಶಿಸ್ತಾಗಿ ಡ್ರೆಸ್ ಮಾಡಿಕೊಂಡು ಹಾಜರಾಗಬೇಕು. ಅವರು ಎರಡು ಸ್ಥಳ ಹೇಳುತ್ತಾರೆ, ನಡುವಿನ ದಾರಿಯನ್ನು ಇವರು ಬಾಯಲ್ಲಿ ಹೇಳಬೇಕು. ಬಹು ಕಾಲ ನಡೆದುಬಂದ ಪದ್ಧತಿಯಲ್ಲಿ ಮೊದಮೊದಲು ಒಂದು ಹಾಜರಿಗೂ ಇನ್ನೊಂದಕ್ಕೂ ನಡುವೆ 56 ದಿನ, ಮುಂದಿನ ಹಂತದಲ್ಲಿ 28 ದಿನ, ಕೊನೆಗೆ 21 ದಿನ. ಈ ಅಂತರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಮ್ಮ ಮಿದುಳಿನಲ್ಲಿ, ಎರಡೂ ಕಿವಿಗಳ ನೇರಕ್ಕೆ ಒಳಗಡೆ, ಕಿರುಬೆರಳಿನಷ್ಟು ಗಾತ್ರದ ಬಾಗಿದ ಒಂದೊಂದು ಭಾಗವಿದೆ. ಹಿಪ್ಪೊಕ್ಯಾಂಪಸ್ ಎಂದು ಅದರ ಹೆಸರು. ನೋಡಲು ಸಮುದ್ರಕುದುರೆ ಎಂಬ ಮೀನಿನ ಹಾಗಿರುವುದರಿಂದ ಆ ಹೆಸರು ಬಂತು. ಹೊಸ ನೆನಪುಗಳು ಕೂಡಿಕೊಳ್ಳುವುದು ಇದರ ನೆರವಿನಿಂದ. ದಾರಿ ಗುರುತಿಗೂ ಇದು ಬೇಕು. 2000ದಲ್ಲಿ ಮಗ್ವಾಯರ್ ಮತ್ತು ಸಂಗಡಿಗರು 16 ಮಂದಿ ಟ್ಯಾಕ್ಸಿ ಚಾಲಕರ ತಲೆಯ ಎಂ.ಆರ್.ಐ. ಚಿತ್ರ ತೆಗೆದರು. ತಲೆನೋವೆಂದು ನಿಮ್ಹಾನ್ಸಿಗೆ ಹೋದವರನ್ನು ಮಲಗಿಸಿ ಒಳಗೆ ತಳ್ಳುತ್ತಾರಲ್ಲ, ಅದೇ ಜಾತಿಯ ಯಂತ್ರ. ಇತರರಿಗಿಂತ ಈ ಚಾಲಕರ ಹಿಪ್ಪೊಕ್ಯಾಂಪಸ್ಸಿನ ಹಿಂಭಾಗ ದೊಡ್ಡದಾಗಿತ್ತು.

"ಅದಕ್ಕೇನು, ಹುಟ್ಟಿನಿಂದಲೇ ಅದು ದೊಡ್ಡದಿದ್ದವರು ಟ್ಯಾಕ್ಸಿ ಕೆಲಸಕ್ಕೆ ಬಂದಿರಬಹುದಲ್ಲ?" ಎಂದು ನೀವು ಕೇಳಬಹುದು. ವಿಜ್ಞಾನಿಗಳೂ ಕೇಳಿದರು. 2006ರಲ್ಲಿ ಟ್ಯಾಕ್ಸಿಯವರನ್ನು ಅದೇ ಲಂಡನ್ನಿನ ಬಸ್ ಚಾಲಕರೊಡನೆ ಹೋಲಿಸಿ ನೋಡಿದರು. ಬಸ್ಸಿನವರೂ ದಿನವೆಲ್ಲಾ ಅದೇ ಟ್ರಾಫಿಕ್ಕಿನಲ್ಲಿ ಒದ್ದಾಡುವವರೇ, ಆದರೆ ಅವರ ದಾರಿ ಗೊತ್ತುಮಾಡಿದ್ದು. ಅವರಲ್ಲಿ ಆ ಬೆಳವಣಿಗೆ ಕಾಣಲಿಲ್ಲ. 2011ರ ಅಧ್ಯಯನವಂತೂ ಅನುಮಾನವನ್ನು ಪೂರ್ತಿ ಬಗೆಹರಿಸಿತು. ಈ ಸಲ ಕಲಿಯಲು ಆಗಷ್ಟೇ ಸೇರಿದ್ದ 79 ಮಂದಿಯ ಚಿತ್ರ ತೆಗೆದಿಟ್ಟರು. ಆಗ ಯಾರಲ್ಲೂ ವಿಶೇಷವೇನೂ ಇರಲಿಲ್ಲ. ಮೂರು ನಾಲ್ಕು ವರ್ಷದ ಮೇಲೆ ಮತ್ತೆ ತೆಗೆದರು. ಪಾಸಾದ 39 ಮಂದಿಯಲ್ಲಿ ಮಾತ್ರ ಆ ಭಾಗ ಬೆಳೆದಿತ್ತು! ಕಲಿಯಲು ಹೊರಟು ಪಾಸಾಗದವರಲ್ಲಿ ಇಲ್ಲ, ಟ್ಯಾಕ್ಸಿಯ ಗೊಡವೆಗೇ ಹೋಗದವರಲ್ಲಿಯೂ ಇಲ್ಲ. ಪಾಸಾಗದವರಿಗಿಂತ ಪಾಸಾದವರು ವಾರಕ್ಕೆ ಸುಮಾರು ಇಮ್ಮಡಿ ಹೊತ್ತು ಕಲಿಕೆಗೆ ಕೊಟ್ಟಿದ್ದರೆಂಬುದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ಮಾತು. ಪಾಸಾದವರು ಬೇರೊಂದು ತರಹದ ಪರೀಕ್ಷೆಯಲ್ಲಿ, ಒಂದು ತೊಡಕಿನ ಚಿತ್ರವನ್ನು ನೋಡಿ ಆಮೇಲೆ ನೆನಪಿನಿಂದ ಬರೆಯುವುದರಲ್ಲಿ, ಉಳಿದವರಿಗಿಂತ ಸ್ವಲ್ಪ ಹಿಂದೆ ಬಿದ್ದರು. ಒಂದು ಕಡೆ ಬೆಳೆದದ್ದಕ್ಕೆ ಇನ್ನೊಂದು ಕಡೆ ಬೆಲೆ ತೆತ್ತಿದ್ದರೋ ಏನೋ. ಮಿದುಳಿನ ಸುದ್ದಿ ಬರೆಯುವವರು ಈ ಭಾಗವನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ಅಂಚೆಯವರ ಬೆರಳುಗಳು

ನನಗೆ ಟ್ಯಾಕ್ಸಿಗಿಂತಲೂ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನದೇ ಅಂಚೆಯವರ ಕತೆ. ಕಾಗದಗಳನ್ನು ವಿಂಗಡಿಸಲು ಯಂತ್ರಗಳು ಬಂದಾಗ ವಿಳಾಸದ ಅಂಚೆ ಸಂಕೇತವನ್ನು ಟೈಪು ಮಾಡಬೇಕಾಯಿತು. ಕೈಯಲ್ಲಿ ಕಾಗದ ಬೇರೆಬೇರೆ ಗೂಡಿಗೆ ಹಾಕಿ ಅಭ್ಯಾಸವಾಗಿದ್ದ ಪೋಸ್ಟ್‌ಮನ್‌ಗಳು ಈಗ ಟೈಪಿಂಗ್ ಕಲಿಯಬೇಕು. ಯಾವ ರೀತಿ ಕಲಿಸಿದರೆ ಒಳ್ಳೆಯದು? ಆಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಅವರನ್ನು ನಾಲ್ಕು ಗುಂಪು ಮಾಡಿ ನೋಡಿದರು. 1978ರಲ್ಲಿ ಅದರ ಫಲ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ ಒಂದೇ ಒಂದು ಗಂಟೆ ಪಾಠ. ಇನ್ನೊಂದು ತುದಿಯ ಗುಂಪಿಗೆ ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಒಟ್ಟು ನಾಲ್ಕು ಗಂಟೆ. ಉಳಿದೆರಡು ಇವುಗಳ ನಡುವೆ.

ಒಂದು ಗಂಟೆಯವರು 55 ಗಂಟೆಗಳಲ್ಲಿ ಕಲಿತಷ್ಟನ್ನು ಕಲಿಯಲು ನಾಲ್ಕು ಗಂಟೆಯವರಿಗೆ 80 ಗಂಟೆ ಬೇಕಾಯಿತು!

ಇನ್ನೂ ಇದೆ, ಕೇಳಿ. "ನಿಮಗೆ ಈ ತರಬೇತಿ ತೃಪ್ತಿಯಾಯಿತೆ?" ಎಂದು ವಿಚಾರಿಸಿದಾಗ ಎಲ್ಲರಿಗಿಂತ ಅತೃಪ್ತರಾಗಿದ್ದವರು ಯಾರು ಗೊತ್ತೆ? ಅದೇ ದಿನಕ್ಕೊಂದು ಗಂಟೆಯವರು. ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. 80 ಗಂಟೆ ದಿನಕ್ಕೆ ನಾಲ್ಕರಂತೆ ಇಪ್ಪತ್ತು ದಿನದಲ್ಲಿ ಮುಗಿಯಿತು. 55 ಗಂಟೆ ದಿನಕ್ಕೊಂದರಂತೆ 55 ದಿನ. ಪಕ್ಕದ ಗುಂಪಿನವನು ಆಗಲೇ ಟಪಟಪ ಹೊಡೆಯುತ್ತಿದ್ದಾನೆ, ನಾನಿನ್ನೂ ತಡಕಾಡುತ್ತಿದ್ದೇನೆ ಎಂಬ ಕೊರಗು ಅವರಿಗೆ. ವ್ಯಯವಾದ ಪ್ರತಿ ಗಂಟೆಗೂ ಹೆಚ್ಚು ಕಲಿಯುತ್ತಿದ್ದವರೇ "ನಾನು ಹಿಂದೆ ಬಿದ್ದೆ" ಎಂದು ನೊಂದುಕೊಳ್ಳುತ್ತಿದ್ದರು. ತೃಪ್ತಿಯ ಫಾರಂ ನಂಬಿ ಅಳೆದಿದ್ದರೆ ಒಳ್ಳೆಯ ಪದ್ಧತಿಗೇ ಕಡಿಮೆ ಅಂಕ ಬೀಳುತ್ತಿತ್ತು. ನಿಮ್ಮ ಹೊಲಿಗೆ ಕ್ಲಾಸಿನಲ್ಲಿ "ನಂಗೆ ಲೇಟಾಗಿ ಹತ್ತುತ್ತೆ" ಎಂದು ಸಂಕೋಚಪಡುವ ಸೋದರಿಯರು ಇದನ್ನು ಎರಡು ಸಲ ಓದಿ.

ಹಾಗೆಂದು ದಿನದ ಲೆಕ್ಕ ಸುಳ್ಳಲ್ಲ. ಮುಂದಿನ ತಿಂಗಳೇ ಕೆಲಸ ಶುರುವಾಗಬೇಕಾದವರಿಗೆ 55 ದಿನ ಕಾಯಲು ಆಗಲಿಕ್ಕಿಲ್ಲ. ಅಂಥ ಕಡೆ ಹೆಚ್ಚು ಗಂಟೆ ಖರ್ಚಾದರೂ ಚಿಂತೆಯಿಲ್ಲವೆಂದು ಬೇಗ ಮುಗಿಸಬೇಕಾಗುತ್ತದೆ.

ಓದಿದ್ದನ್ನೇ ಓದುವುದು, ಪುಸ್ತಕ ಮುಚ್ಚಿ ನೆನೆಯುವುದು

2006ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪಿನವರು ಅದನ್ನು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪಿನವರು ಒಂದು ಸರದಿ ಓದಿ, ಉಳಿದ ಮೂರರಲ್ಲಿ ಹಾಳೆ ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ಮೇಲೆ ಪರೀಕ್ಷೆ ಮಾಡಿದಾಗ ಓದಿ ಓದಿ ಇಟ್ಟವರಿಗೆ ಶೇಕಡ 83 ನೆನಪಿತ್ತು, ಬರೆದವರಿಗೆ 71. ಗೆದ್ದವರು ಯಾರೆಂದು ಅಲ್ಲಿಗೇ ತೀರ್ಮಾನಿಸಬಹುದಿತ್ತು. ಆದರೆ ಒಂದು ವಾರ ಬಿಟ್ಟು ಕೇಳಿದಾಗ ಓದಿದವರಲ್ಲಿ ಉಳಿದದ್ದು 40, ನೆನೆದು ಬರೆದವರಲ್ಲಿ 61. ಇಲ್ಲಿಯೂ ಅದೇ ವಿಚಿತ್ರ. "ನಮಗೆ ಚೆನ್ನಾಗಿ ನೆನಪಿರುತ್ತೆ" ಎಂದು ಮೊದಲೇ ಭರವಸೆಯಿಂದ ಹೇಳಿದ್ದವರು ನಾಲ್ಕು ಸಲ ಓದಿದವರು!

ತರಬೇತಿಯ ಕೊನೆಯ ದಿನ ಸಂಜೆ ಐದು ಗಂಟೆಗೆ ಪರೀಕ್ಷೆ ಇಟ್ಟು ಸರ್ಟಿಫಿಕೇಟು ಹಂಚುತ್ತಾರಲ್ಲ, ಅದು ಈ ಐದು ನಿಮಿಷದ ಪರೀಕ್ಷೆಯಂತೆ. ಬಿಸಿ ಆರುವ ಮೊದಲೇ ರುಚಿ ನೋಡಿ "ಉಪ್ಪಿನಕಾಯಿ ವರ್ಷವಿಡೀ ಕೆಡುವುದಿಲ್ಲ" ಎಂದು ಬರೆದುಕೊಟ್ಟ ಹಾಗೆ.

ಹೆಪ್ಪುಗಟ್ಟಲು ಬಿಡಿ

ನಡುವೆ ಅಂತರ ಯಾಕೆ ಬೇಕು? ಕಲಿತದ್ದು ಮಿದುಳಿನ ನರಕೋಶಗಳ ನಡುವಣ ಕೊಂಡಿಗಳಲ್ಲಿ ಉಳಿಯುತ್ತದೆ. ಸ್ವಲ್ಪ ಹೊತ್ತಿನ ನೆನಪಿಗೆ ಇದ್ದ ಕೊಂಡಿಯೇ ಒಂದಿಷ್ಟು ಬಿಗಿಯಾದರೆ ಸಾಕು. ಬಹು ಕಾಲ ಉಳಿಯಬೇಕಾದರೆ ಕೋಶದೊಳಗೆ ಹೊಸ ಪ್ರೋಟೀನು ತಯಾರಾಗಿ ಕೊಂಡಿಗಳ ಆಕಾರವೇ ಬದಲಾಗಬೇಕು. ಅದು ಗಂಟೆಗಟ್ಟಲೆಯ ಕೆಲಸ. ನೊಬೆಲ್ ಬಹುಮಾನ ಪಡೆದ ಎರಿಕ್ ಕ್ಯಾಂಡೆಲ್ ಇದನ್ನು ಕಂಡುಕೊಂಡದ್ದು ಸಮುದ್ರದ ಒಂದು ಬಸವನಹುಳುವಿನ ಜಾತಿಯ ಪ್ರಾಣಿಯಲ್ಲಿ. ಅದನ್ನು ಮೆಲ್ಲಗೆ ಮುಟ್ಟಿದರೆ ಕಿವಿರು ಒಳಗೆಳೆದುಕೊಳ್ಳುತ್ತದೆ. ಮುಟ್ಟುತ್ತಲೇ ಇದ್ದರೆ "ಓ, ಇದರಿಂದ ಅಪಾಯವಿಲ್ಲ" ಎಂದು ಸುಮ್ಮನಾಗುತ್ತದೆ. ಒಂದೇ ಸಮನೆ 40 ಸಲ ಮುಟ್ಟಿದರೆ ಆ ಪಾಠ ಒಂದು ದಿನ ಮಾತ್ರ ಉಳಿಯಿತು. ದಿನಕ್ಕೆ 10ರಂತೆ ನಾಲ್ಕು ದಿನ ಮುಟ್ಟಿದರೆ ವಾರಗಟ್ಟಲೆ ಉಳಿಯಿತು. ಮುಟ್ಟಿದ್ದು ಅಷ್ಟೇ ಸಲ, ಅಲ್ಲವೆ?

ಹಾಲಿಗೆ ಹೆಪ್ಪು ಹಾಕಿ ಒಂದೆಡೆ ಇಟ್ಟರೆ ಮೊಸರು ಗಟ್ಟಿಯಾಗುತ್ತದೆ. ಮೊಸರಾಯಿತೆ, ಮೊಸರಾಯಿತೆ ಎಂದು ಅರ್ಧ ಗಂಟೆಗೊಮ್ಮೆ ಸೌಟು ಹಾಕಿ ತಿರುವಿದರೆ? ನೆನಪಿನ ವಿಷಯದಲ್ಲಿಯೂ ಹೆಚ್ಚುಕಡಿಮೆ ಹೀಗೆ. ಆ ಹೆಪ್ಪುಗಟ್ಟುವ ಕೆಲಸದಲ್ಲಿ ನಿದ್ದೆಗೆ ದೊಡ್ಡ ಪಾಲು. 2002ರಲ್ಲಿ ಹಾರ್ವರ್ಡಿನಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ಕೆಲವರಿಗೆ ಎಡಗೈ ಬೆರಳುಗಳಿಂದ ಗೊತ್ತಾದ ಕ್ರಮದಲ್ಲಿ ಗುಂಡಿ ಒತ್ತುವುದನ್ನು ಕಲಿಸಿದರು. ರಾತ್ರಿ ನಿದ್ದೆ ಮಾಡಿ ಎದ್ದು ಬಂದಾಗ, ನಡುವೆ ಯಾವ ಅಭ್ಯಾಸವೂ ಇಲ್ಲದೆ, ಅವರ ವೇಗ ಶೇಕಡ 20ರಷ್ಟು ಹೆಚ್ಚಿತ್ತು. ಎಲ್ಲರೂ ಮಲಗಿದ ಮೇಲೆ ಪಾತ್ರೆ ತೊಳೆದು, ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟಿ, ಹತ್ತು ಗಂಟೆಗೆ ಕ್ಲಾಸಿಗೆ ಓಡುವ ಹೆಂಗಸಿಗೆ "ತಲೆಗೆ ಹತ್ತುವುದಿಲ್ಲ" ಎನ್ನುವವರು ಮೊದಲು ಆಕೆಗೆ ಎಷ್ಟು ಗಂಟೆ ನಿದ್ದೆ ಸಿಗುತ್ತದೆಂದು ಕೇಳಲಿ. ರಾತ್ರಿ ಪಾತ್ರೆ ಯಾರಾದರೂ ಒಬ್ಬರು ತೊಳೆದುಕೊಟ್ಟರೆ ಅದೂ ವಿದ್ಯಾದಾನವೇ ಸರಿ!

ಕೈಯ ಕಲಿಕೆಯೇ ಬೇರೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗಕ್ಕೆಂದು ಆಪರೇಷನ್ ಮಾಡಿ ಎರಡೂ ಕಡೆಯ ಹಿಪ್ಪೊಕ್ಯಾಂಪಸ್ಸಿನ ಬಹುಭಾಗ ತೆಗೆದುಬಿಟ್ಟರು. ಆಮೇಲೆ ಆತನಿಗೆ ಹೊಸದೇನೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವುದನ್ನು ಕೊಟ್ಟರು. ಮೂರು ದಿನದಲ್ಲಿ ಕೈ ಚೆನ್ನಾಗಿ ಪಳಗಿತು, ಆದರೆ ಹಿಂದೆ ಇದನ್ನು ಮಾಡಿದ್ದೇನೆಂಬುದೇ ಆತನಿಗೆ ನೆನಪಿಲ್ಲ! ಬಾಯಲ್ಲಿ ಹೇಳಬಲ್ಲ ನೆನಪಿಗೂ ಕೈಗೆ ಕೂತ ನೆನಪಿಗೂ ಮಿದುಳಿನಲ್ಲಿ ಬೇರೆ ಬೇರೆ ಜಾಗಗಳುಂಟೆಂದು ಹೀಗೆ ಗೊತ್ತಾಯಿತು. ಚಪಾತಿ ಹಿಟ್ಟಿನ ಹದ ಹೇಳಿ ಅಂದರೆ ನಿಮಗೆ ಬಾಯಿ ತಡವರಿಸುತ್ತದೆ, ಕೈಗೆ ಗೊತ್ತು. ಹೊಲಿಗೆಯ ಪರೀಕ್ಷೆಯನ್ನು ಪ್ರಶ್ನೆಪತ್ರಿಕೆಯಲ್ಲಿ ಮಾಡಿ ಮುಗಿಸುವವರಿಗೆ ಇದು ತಿಳಿದಿದ್ದರೆ ಚೆನ್ನಾಗಿತ್ತು.

ವಯಸ್ಸಾಯಿತು ಎನ್ನುವವರಿಗೆ

ಸರ್ಕಸ್ಸಿನಲ್ಲಿ ಮೂರು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವುದನ್ನು ನೋಡಿರುವಿರಲ್ಲ. 2004ರಲ್ಲಿ ಜರ್ಮನಿಯಲ್ಲಿ ಕೆಲವು ತರುಣ ತರುಣಿಯರಿಗೆ ಅದನ್ನು ಮೂರು ತಿಂಗಳು ಕಲಿಸಿ ಮಿದುಳಿನ ಚಿತ್ರ ತೆಗೆದರು. ಚಲಿಸುವ ವಸ್ತುವನ್ನು ಗುರುತಿಸುವ ಭಾಗ ಬೆಳೆದಿತ್ತು. ಆಟ ಬಿಟ್ಟು ಮೂರು ತಿಂಗಳ ಮೇಲೆ ನೋಡಿದರೆ ಮತ್ತೆ ಕುಗ್ಗಿತ್ತು. 2008ರಲ್ಲಿ ಅರವತ್ತರ ಆಸುಪಾಸಿನವರಿಗೂ ಇದನ್ನೇ ಕಲಿಸಿದರು. ಹುಡುಗರಷ್ಟು ಚುರುಕಾಗಿ ಅವರಿಗೆ ಬರಲಿಲ್ಲ, ಒಪ್ಪಿಕೊಳ್ಳೋಣ. ಆದರೆ ಕಲಿತವರ ಮಿದುಳಿನಲ್ಲಿ ಅದೇ ಬಗೆಯ ಬದಲಾವಣೆ ಕಾಣಿಸಿತು. ಅರವತ್ತಕ್ಕೇ ಇಷ್ಟಾದರೆ ನಲವತ್ತಕ್ಕೆ ಕೈ ಚೆಲ್ಲಿ ಕೂರುವುದು ಯಾವ ನ್ಯಾಯ?

ಯಂತ್ರದ ಹೆಸರಿಗೆ ಮರುಳಾಗಬೇಡಿ

ಇಷ್ಟೆಲ್ಲಾ ಓದಿದ ಮೇಲೆ, ಹಾಗಾದರೆ ಎಲ್ಲರ ತಲೆಯನ್ನೂ ಯಂತ್ರಕ್ಕೆ ಒಡ್ಡಿ ಕಲಿತರೋ ಇಲ್ಲವೋ ನೋಡಬಹುದಲ್ಲ ಅನ್ನಿಸೀತು. ತಲೆಗೊಂದು ಪಟ್ಟಿ ಕಟ್ಟಿ ವಿದ್ಯುತ್ ಅಲೆ ಅಳೆದು ನೌಕರರ ಗಮನ, ಕಲಿಕೆ ಎಲ್ಲವನ್ನೂ ಹೇಳುತ್ತೇವೆನ್ನುವ ಕಂಪನಿಗಳೂ ಇವೆ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸತ್ತ ಸಾಲ್ಮನ್ ಮೀನನ್ನು ಮಿದುಳಿನ ಚಟುವಟಿಕೆ ತೋರಿಸುವ ಯಂತ್ರದೊಳಗಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, "ಇವರ ಮನಸ್ಸಿನಲ್ಲಿ ಏನಿದೆ ಹೇಳು" ಎಂದು ಕೇಳಿದರು. ತಮಾಷೆಯಲ್ಲ, ನಿಜ. ಲೆಕ್ಕಾಚಾರದಲ್ಲಿ ಮಾಡಬೇಕಾದ ತಿದ್ದುಪಡಿ ಮಾಡದೆ ನೋಡಿದಾಗ ಸತ್ತ ಮೀನು ಯೋಚಿಸುತ್ತಿರುವಂತೆ ಬಣ್ಣದ ಚುಕ್ಕೆ ಕಾಣಿಸಿತು! ತಿದ್ದಿದ ಮೇಲೆ ಮಾಯವಾಯಿತು. ಯಂತ್ರದ ಚಿತ್ರವನ್ನು ಎಷ್ಟು ಎಚ್ಚರದಿಂದ ಓದಬೇಕೆಂದು ತೋರಿಸಲು ಅವರು ಮಾಡಿದ ಉಪಾಯ ಅದು.

ಇನ್ನು 2008ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನವೊಂದರಲ್ಲಿ ಅರ್ಥವಿಲ್ಲದ ವಿವರಣೆಗೂ "ಮಿದುಳಿನ ಇಂಥ ಭಾಗ" ಎಂಬ ಮಾತೊಂದನ್ನು ಸೇರಿಸಿದರೆ ಸಾಮಾನ್ಯರಿಗೆ ಅದು ಹೆಚ್ಚು ಸರಿಯೆಂದು ತೋರಿತು. ತಜ್ಞರು ಮಾತ್ರ ಮೋಸಹೋಗಲಿಲ್ಲ. ನಾವು ಮಿದುಳಿನ ಹತ್ತರಲ್ಲೊಂದು ಪಾಲನ್ನೇ ಬಳಸುತ್ತೇವೆ, ಎಡ ಮಿದುಳಿನವರು ಬೇರೆ ಬಲ ಮಿದುಳಿನವರು ಬೇರೆ, ಎಂದೆಲ್ಲಾ ಹೇಳಿ ಫೀಸು ಕೇಳುವವರು ಬಂದರೆ ಕಾಫಿ ಕೊಟ್ಟು ಕಳುಹಿಸಿ. ಎರಡೂ ಸುಳ್ಳು. ಒಂದೆಲಗದ ತಂಬುಳಿಯನ್ನು ಮಾತ್ರ ಬಿಡಬೇಡಿ. ನೆನಪಿಗೋ ಏನೋ, ಬೇಸಗೆಯಲ್ಲಿ ಊಟಕ್ಕೆ ಹಿತವಾಗಿರುತ್ತದೆ.

ಮಿದುಳಿನ ವಿಜ್ಞಾನ ಕೆಲಸಕ್ಕೆ ಬರುವುದು ಕಲಿಕೆ ಹೇಗೆ ನಡೆಯುತ್ತದೆಂದು ತಿಳಿಸುವುದರಲ್ಲಿ. ಒಬ್ಬೊಬ್ಬರು ಎಷ್ಟು ಕಲಿತರೆಂದು ಅಳೆಯಲು ಅವರ ಕೈಯಲ್ಲಿ ಕೆಲಸ ಮಾಡಿಸಿ ನೋಡುವುದಕ್ಕಿಂತ ಒಳ್ಳೆಯ ಯಂತ್ರ ಇನ್ನೂ ಬಂದಿಲ್ಲ.

ಹಾಗಾದರೆ ನೀವೇನು ಮಾಡಬಹುದು?

ಹೊಲಿಗೆಯನ್ನೇ ತೆಗೆದುಕೊಳ್ಳಿ. ಕ್ಲಾಸಿನಲ್ಲಿ ಟೀಚರ್ ಕಟಿಂಗ್ ತೋರಿಸಿದ ದಿನ ಮನೆಗೆ ಬಂದು ನೋಟ್‌ಬುಕ್ ತೆರೆಯಬೇಡಿ. ಹಳೆಯ ಪೇಪರ್ ಹರಡಿಕೊಂಡು, ನೆನಪಿನಿಂದಲೇ ಎದೆ, ಸೊಂಟ, ಕಂಕುಳ, ತೋಳು ಗುರುತು ಹಾಕಿ. ತಡಕಾಡುತ್ತೀರಿ, ತಪ್ಪುತ್ತೀರಿ. ಆ ತಡಕಾಟವೇ ಕೆಲಸ ಮಾಡುವುದು. ಆಮೇಲೆ ನೋಟ್‌ಬುಕ್ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿ. ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ, ತಿಂಗಳು ಬಿಟ್ಟು ಮತ್ತೊಮ್ಮೆ. ಭಾನುವಾರ ಒಂದೇ ದಿನ ಆರು ಗಂಟೆ ಕೂರುವ ಬದಲು ದಿನಕ್ಕೆ ಮುಕ್ಕಾಲು ಗಂಟೆ ಕೂತರೂ ಸಾಕು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ತಪ್ಪುಗಳ ಸಂಖ್ಯೆ ಬರೆದಿಡಿ. ಮೊದಲ ಸಲ ಏಳು, ಆಮೇಲೆ ನಾಲ್ಕು, ಆಮೇಲೆ ಒಂದು. ಮನೆಯವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕೆ?

ಅಂಗನವಾಡಿಯ ಸೋದರಿಯರಿಗೆ 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪಿನಲ್ಲಿ ಮಕ್ಕಳ ತೂಕ, ಎತ್ತರ ತುಂಬುವ ಕೆಲಸ ಬಂದಿದೆ. ಮೀಟಿಂಗಿನಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಎಲ್ಲರೂ ತಲೆಯಾಡಿಸಿ ನೋಡಿ ಬಂದರೆ ಮರುದಿನ ಕೇಂದ್ರದಲ್ಲಿ ಕೈ ಓಡುವುದಿಲ್ಲ. ಹತ್ತಿರದ ಕೇಂದ್ರದ ಇನ್ನೊಬ್ಬರ ಜೊತೆ ಕೂತು, "ಮೊದಲು ಏನು ಒತ್ತಬೇಕು, ಆಮೇಲೆ ಯಾವುದು, ನೋಡದೆ ಹೇಳಿ ಅಕ್ಕಾ" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಲಂಡನ್ನಿನ ಚಾಲಕರು ಮಾಡುವುದೂ ಅದನ್ನೇ. ನಿಮ್ಮ ಮೇಲ್ವಿಚಾರಕಿಯವರು ಒಳ್ಳೆಯವರಾದರೆ, ಒಂದೇ ದಿನ ಆರು ಗಂಟೆ ಪಾಠ ಮಾಡುವ ಬದಲು ಪ್ರತಿ ವಾರದ ಮೀಟಿಂಗಿನಲ್ಲಿ ಅರ್ಧ ಗಂಟೆ ಇಡಲು ಕೇಳಿಕೊಳ್ಳಿ.

ಮಗಳನ್ನು ಅಥವಾ ಸೊಸೆಯನ್ನು ಹೊಸ ಕೋರ್ಸಿಗೆ ಸೇರಿಸುವವರು ಫೀಸು ಕಟ್ಟುವ ಮೊದಲು ನಡೆಸುವವರನ್ನು ಎರಡು ಮಾತು ಕೇಳಿ. "ವಾರದಲ್ಲಿ ಎಷ್ಟು ಹೊತ್ತು ಹುಡುಗಿಯರು ತಾವೇ ಕೈಯಲ್ಲಿ ಮಾಡ್ತಾರೆ, ಎಷ್ಟು ಹೊತ್ತು ಬರೀ ನೋಡ್ತಾರೆ?" ಇದು ಒಂದು. "ಕೋರ್ಸ್ ಮುಗಿದು ಎರಡು ತಿಂಗಳಾದ ಮೇಲೆ ಒಂದು ದಿನ ಕರೆಸಿ, ಪುಸ್ತಕ ಇಲ್ಲದೆ ಮಾಡಿಸಿ ನೋಡಿ, ಬಾರದಿದ್ದರೆ ಇನ್ನೊಂದು ವಾರ ಕೂರಿಸಿಕೊಳ್ತೀರಾ?" ಇದು ಇನ್ನೊಂದು. "ಓಹೋ, ಅದಕ್ಕೇನಮ್ಮಾ, ಕಳಿಸಿ" ಎಂದವರ ಹತ್ತಿರ ಧೈರ್ಯವಾಗಿ ಸೇರಿಸಿ. "ನಮ್ಮಲ್ಲಿ ಸರ್ಟಿಫಿಕೇಟ್ ಗ್ಯಾರಂಟಿ ಮೇಡಂ" ಎಂದಷ್ಟೇ ಹೇಳುವವರಾದರೆ ಪರ್ಸ್ ಮುಚ್ಚಿಕೊಂಡು ಪಕ್ಕದ ಬೀದಿಯವರನ್ನೂ ಒಮ್ಮೆ ವಿಚಾರಿಸಿ ಬನ್ನಿ.